ನಿಮ್ಮ ಲೇಖನದಲ್ಲಿ ಕೇಳುಗರು ಎಲ್ಲಿ?

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಮೂರು ನಿಮಿಷದ ಮೋಸ’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನಿಮ್ಮ ಭಾಷೆ ಸಲೀಸಾಗಿದೆ, ಸಿಟ್ಟಿನಲ್ಲಿ ಸೋಗಿಲ್ಲ. ಆದರೆ ಪಾಪ್ ಹಾಡುಗಳೆಲ್ಲ ಒಂದೇ ಅಚ್ಚಿನವು, ಅವನ್ನು ಮೆಚ್ಚುವವರು ತಲೆ ಓಡಿಸದವರು ಎಂಬ ಎರಡು ಮಾತುಗಳನ್ನೇ ಎಂಟು ಪುಟ ಹಿಗ್ಗಿಸಿದ್ದೀರಿ. ಮೊದಲನೆಯದು ಅರ್ಧ ನಿಜ. ಎರಡನೆಯದಕ್ಕೆ ಒಂದು ಆಧಾರವನ್ನೂ ಕೊಟ್ಟಿಲ್ಲ.

ಹಾಡು ಮೂರು ನಿಮಿಷಕ್ಕೆ ಮುಗಿಯುವುದನ್ನು ಸೋಮಾರಿತನ ಎಂದಿದ್ದೀರಿ. ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಹತ್ತಿಂಚಿನ ಗ್ರಾಮಫೋನ್ ರೆಕಾರ್ಡಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದೇ ಸುಮಾರು ಅಷ್ಟು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ತಂದ 45 ಆರ್‌ಪಿಎಂ ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್) ಆ ಅಳತೆಯನ್ನೇ ಮುಂದುವರಿಸಿತು. ಜಾಹೀರಾತುಗಳ ನಡುವೆ ಹಾಡು ಹಾಕಬೇಕಿದ್ದ ರೇಡಿಯೊದವರಿಗೂ ಅದೇ ಅನುಕೂಲವಾಗಿತ್ತು. ಆಮೇಲೆ ಈ ಕಟ್ಟು ಸಡಿಲವಾಯಿತು. 1968ರಲ್ಲಿ ಬೀಟಲ್ಸ್ ತಂಡದ ಏಳು ನಿಮಿಷ ಮೀರಿದ ‘ಹೇ ಜೂಡ್’ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಹಾಗಿದ್ದರೂ ಚಿಕ್ಕ ಹಾಡು ಏಕೆ ಉಳಿಯಿತು? ನಿಮ್ಮ ಲೇಖನ ಕೇಳಬೇಕಿದ್ದ ಪ್ರಶ್ನೆ ಇದು. ಈಗ ಇಂಟರ್‌ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಹಾಡನ್ನು ಒಂದು ಸಲ ಕೇಳಿದಂತೆ ಎಣಿಕೆಯಾಗುತ್ತದೆ. ಆರಂಭದ ವಾದ್ಯಸಂಗೀತ ಮೊಟಕಾಗಿ ದನಿ ಬೇಗನೆ ಕೇಳಿಸುವುದಕ್ಕೂ ಇದಕ್ಕೂ ನಂಟಿದೆ ಎನ್ನುವವರಿದ್ದಾರೆ. ಇದನ್ನು ಟೀಕಿಸಿ, ನನ್ನ ಅಡ್ಡಿಯಿಲ್ಲ. ಆದರೆ ಹಾಡು ಯಾವ ದಾರಿಯಲ್ಲಿ ಕೇಳುಗರನ್ನು ತಲುಪುತ್ತದೆ ಎಂಬುದನ್ನು ತಿಳಿದು ಟೀಕಿಸಿ.

ಪಲ್ಲವಿ ಮತ್ತೆ ಮತ್ತೆ ಬರುವುದರ ಬಗ್ಗೆ ನೀವು ಬರೆದ ಪುಟಗಳೇ ಎಲ್ಲಕ್ಕಿಂತ ದುರ್ಬಲ. ಶಾಸ್ತ್ರೀಯ ಸಂಗೀತದ ಅಳತೆಗೋಲು ಹಿಡಿದು ‘ಇಲ್ಲಿ ವಿಸ್ತಾರವೇ ಇಲ್ಲ’ ಎಂದು ತೀರ್ಪು ಕೊಟ್ಟಿದ್ದೀರಿ. ಪಾಪ್ ಹಾಡು ಬೆಳೆಯುವ ಬಗೆ ಬೇರೆ. ಕ್ಯಾರಲ್ ಕಿಂಗ್ ಮತ್ತು ಜೆರ್ರಿ ಗಾಫಿನ್ ರಚಿಸಿ ಶಿರೆಲ್ಸ್ ತಂಡ ಹಾಡಿದ ‘ವಿಲ್ ಯು ಲವ್ ಮಿ ಟುಮಾರೊ’ ಕೇಳಿ. ಈ ರಾತ್ರಿಯ ಪ್ರೀತಿ ನಾಳೆಯೂ ಇರುತ್ತದೆಯೇ ಎಂದು ಒಬ್ಬ ಹುಡುಗಿ ಕೇಳುತ್ತಾಳೆ. ಚರಣ ಮುಗಿದಾಗಲೆಲ್ಲ ಅದೇ ಪ್ರಶ್ನೆ ಬರುತ್ತದೆ. ಮೊದಲ ಸಲ ಅದು ಸಂಕೋಚದಂತೆ ಕೇಳಿಸುತ್ತದೆ. ನಡುವೆ ಧಾಟಿ ಬದಲಾಗಿ, ಬೆಳಗಾದ ಮೇಲಿನ ಅಂಜಿಕೆಯನ್ನು ಅವಳು ಬಾಯಿಬಿಟ್ಟು ಹೇಳುತ್ತಾಳೆ. ಅದಾದ ಮೇಲೆ ಬರುವ ಅದೇ ಪ್ರಶ್ನೆಗೆ ಬೇರೆಯೇ ತೂಕ. ಉತ್ತರ ಕೊನೆಗೂ ಸಿಗುವುದಿಲ್ಲ. ಪದ ಬದಲಾಗದೆ ಅರ್ಥ ಬದಲಾಗುವ ಈ ಕೆಲಸ ಪುನರಾವರ್ತನೆ ಇಲ್ಲದೆ ಆಗುವಂಥದ್ದಲ್ಲ.

ಆ ಹಾಡು 1961ರ ಆರಂಭದಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಹಾಡಿದವರು ನಾಲ್ವರು ಕಪ್ಪು ಯುವತಿಯರು. ಮನೆಯಲ್ಲಿ ಯಾರನ್ನೂ ಕೇಳಲಾಗದ ಪ್ರಶ್ನೆಯೊಂದು ಅದೇ ವಯಸ್ಸಿನ ಹುಡುಗಿಯರಿಗೆ ರೇಡಿಯೊದಿಂದ ಕೇಳಿಬಂತು. ಇಂಥ ಕೇಳುಗರನ್ನು ನೀವು ‘ಹದಿಹರೆಯದ ಹುಡುಗಿಯರ ಗುಂಪು’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಆ ಸಾಲು ಓದಿ ನನಗೆ ಬೇಸರವಾಯಿತು. 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟಿ.ವಿ.ಯಲ್ಲಿ ಹಾಡಿದಾಗ ಸುಮಾರು 7.3 ಕೋಟಿ ಜನ ನೋಡಿದರು. ಅಂದು ಕಿರುಚಿದ ಹುಡುಗಿಯರನ್ನು ಉನ್ಮಾದಕ್ಕೆ ಸಿಕ್ಕವರೆಂದು ಎಷ್ಟೋ ಮಂದಿ ಗೇಲಿ ಮಾಡಿದರು. ಆ ಹುಡುಗಿಯರು ಆರಿಸಿಕೊಂಡ ಸಂಗೀತ ಇಂದು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿದೆ. ದಕ್ಷಿಣ ಕೊರಿಯಾದ ಪಾಪ್ ಸಂಗೀತವಾದ ಕೆ-ಪಾಪ್‌ನ ಅಭಿಮಾನಿಗಳನ್ನೇ ನೋಡಿ: ಹಾಡಿನ ಯಾವ ಸಾಲಿನ ಸಂದಿಯಲ್ಲಿ ಯಾರ ಹೆಸರು ಕೂಗಬೇಕೆಂದು ಮೊದಲೇ ಕಲಿತು, ಸಾವಿರಾರು ಜನ ಒಂದೇ ಲಯದಲ್ಲಿ ಕೂಗುತ್ತಾರೆ. ಲಯ ತಪ್ಪದಂತೆ ಹಾಗೆ ಕೂಗಬೇಕಾದರೆ ಹಾಡು ಬಾಯಿಪಾಠವಾಗಿರಬೇಕು. ಇವರನ್ನು ತಲೆ ಓಡಿಸದವರು ಎಂದು ನಾನು ಅಚ್ಚು ಹಾಕುವುದಿಲ್ಲ.

‘ಕಾರ್ಖಾನೆ’ ಎಂಬ ಪದವನ್ನು ಬೈಗುಳವಾಗಿ ಬಳಸಿದ್ದೀರಿ. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯನ್ನು ಶುರುಮಾಡಿದ ಬೆರಿ ಗಾರ್ಡಿ, ಕಾರು ಕಾರ್ಖಾನೆಯಲ್ಲಿ ದುಡಿದು ಕಲಿತದ್ದನ್ನು ಹಾಡಿಗೆ ಅಳವಡಿಸಿದೆ ಎಂದು ತಾನೇ ಹೇಳಿಕೊಂಡವರು. ಯಾವ ಹಾಡು ಹೊರಬರಬೇಕೆಂದು ಅಲ್ಲಿ ಸಭೆ ಸೇರಿ ಮತ ಹಾಕುತ್ತಿದ್ದರು. ಕಾರಿನ ರೇಡಿಯೊದಲ್ಲಿ ಹೇಗೆ ಕೇಳಿಸೀತೆಂದು ಸಣ್ಣ ಸ್ಪೀಕರಿನಲ್ಲಿ ಹಾಕಿ ನೋಡುತ್ತಿದ್ದರು. ಕೇಳುಗರು ಎಲ್ಲಿ ಕೂತು ಕೇಳುತ್ತಾರೆ ಎಂಬ ಕಾಳಜಿ ಅದು. ಹಾಡುವವರ ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್ ಬಗ್ಗೆ ಬರೆದ ಪ್ಯಾರಾವನ್ನು ಕೈಬಿಡಿ. ಗಾಯಕಿ ಷೇರ್ 1998ರ ‘ಬಿಲೀವ್’ ಹಾಡಿನಲ್ಲಿ ಅದನ್ನು ಬಳಸಿದ್ದು ಎಲ್ಲರ ಕಿವಿಗೂ ಬೀಳುವಂತೆ. ‘ಮುಚ್ಚಿಟ್ಟ ಮೋಸ’ ಎಂಬ ನಿಮ್ಮ ಮಾತು ಅಲ್ಲಿ ನಿಲ್ಲುವುದಿಲ್ಲ.

ಅರ್ಧ ನಿಜ ಎಂದೆನಲ್ಲ, ಆ ಅರ್ಧವನ್ನು ಬಿಡಬೇಡಿ. ಅವೇ ನಾಲ್ಕು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು), ಅದೇ ಚರಣ, ಅದೇ ಪಲ್ಲವಿ ಇಟ್ಟುಕೊಂಡು ಬಂದ ಹಾಡುಗಳಲ್ಲಿ ಬಹುಪಾಲು ಬಂದಷ್ಟೇ ಬೇಗ ಮರೆತುಹೋಗುತ್ತವೆ. ಕೆಲವು ದಶಕಗಟ್ಟಲೆ ಉಳಿಯುತ್ತವೆ. ಒಂದೇ ಸೂತ್ರದ ಎರಡು ಹಾಡುಗಳನ್ನು, ಒಂದು ಉಳಿದದ್ದು, ಒಂದು ಅಳಿದದ್ದು, ಅಕ್ಕಪಕ್ಕ ಇಟ್ಟು ಬರೆಯಿರಿ. ಎಷ್ಟನೇ ಸೆಕೆಂಡಿಗೆ ದನಿ ಬರುತ್ತದೆ, ಪಲ್ಲವಿಗೆ ಮುಂಚೆ ಯಾವ ವಾದ್ಯ ಸುಮ್ಮನಾಗುತ್ತದೆ, ಕೊನೆಯ ಪಲ್ಲವಿಯಲ್ಲಿ ಏನು ಸೇರುತ್ತದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಆ ಹಾಡನ್ನು ಪ್ರೀತಿಸುವ ಒಬ್ಬರನ್ನಾದರೂ ಕೂರಿಸಿಕೊಂಡು ಮಾತಾಡಿಸಿ, ಅವರ ಮಾತನ್ನು ತಿದ್ದದೆ ಬರೆದುಕೊಳ್ಳಿ. ನಾಲ್ಕು ಪುಟ ಸಾಕು. ಇಷ್ಟಾದ ಮೇಲೂ ಹಾಡು ಕೆಟ್ಟದ್ದೆಂದೇ ನಿಮಗನ್ನಿಸಿದರೆ ಹಾಗೆಯೇ ಬರೆದು ಕಳಿಸಿ. ಕಾರಣಗಳು ಹಾಡಿನೊಳಗಿಂದಲೇ ಬಂದಿದ್ದರೆ ಅದನ್ನು ಸಂತೋಷದಿಂದ ಪ್ರಕಟಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ