ಟಬ್ಬಿನ ನೀರು ಬದಲಿಸಬೇಡಿ ಮಾರಾಯ್ರೇ!

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೊಮ್ಮಗಳಿಗೆ ತಾವರೆ ಹೂ ತೋರಿಸಬೇಕೆಂಬ ಆಸೆ. ಆನ್‌ಲೈನ್‌ನಲ್ಲಿ ‘ನೀಲಿ ತಾವರೆ’ ಬೀಜ ತರಿಸಿ ನೀರಿಗೆ ಹಾಕಿದೆ. ಮೂರು ವಾರವಾದರೂ ಮೊಳೆಯಲಿಲ್ಲ. ಆಮೇಲೆ ನರ್ಸರಿಯಿಂದ ತಾವರೆ ಗಿಡವನ್ನೇ ತಂದೆ. ತಾರಸಿಯ ಟಬ್ಬಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮಣ್ಣು, ಸಗಣಿ ಗೊಬ್ಬರ ಹಾಕಿ ನೆಟ್ಟೆ. ಕೋಕೋಪೀಟ್ ಎಲ್ಲ ಮೇಲೆ ತೇಲಿತು. ನೀರು ಹಸಿರಾಗಿ ವಾಸನೆ ಬರುತ್ತಿದೆ. ವಾರಕ್ಕೊಮ್ಮೆ ನೀರು ಬದಲಿಸಿದರೂ ನಾಲ್ಕೇ ದಿನಕ್ಕೆ ಮತ್ತೆ ಹಸಿರು. ಪಕ್ಕದ ಮನೆಯವರು ಡೆಂಗಿ ಬರುತ್ತದೆ ಎಂದು ಜಗಳಕ್ಕೆ ನಿಂತಿದ್ದಾರೆ. ಏನು ಮಾಡಲಿ ಮೇಡಂ?
— ಓದುಗರು, ದಾವಣಗೆರೆ

ಉತ್ತರ: ನೀವೊಬ್ಬರೇ ಅಲ್ಲ ಸರ್. ನನ್ನ ಮೊದಲ ತೊಟ್ಟಿಯ ಕತೆಯೂ ಇದೇ. ನಮ್ಮ ಕೊಟ್ಟಿಗೆಯ ಹೊರಗೆ ಹಸುಗಳಿಗೆ ಕಲಗಚ್ಚು ಕೊಡುತ್ತಿದ್ದ ಕಲ್ಲಿನ ಬಾನಿ ಸುಮ್ನೆ ಬಿದ್ದಿತ್ತು. ಹುಮ್ಮಸ್ಸಿನಲ್ಲಿ ಎರಡು ಬುಟ್ಟಿ ಹಸಿ ಸಗಣಿ ಸುರಿದು, ಮಣ್ಣು ಮುಚ್ಚಿ, ನೀರು ತುಂಬಿ, ಅದೇ ದಿನ ಆರು ಮೀನು ಬಿಟ್ಟೆ. ಬೆಳಿಗ್ಗೆ ನೋಡಿದರೆ ಆರೂ ಹೊಟ್ಟೆ ಮೇಲು. ಅತ್ತೆ ಬಂದು ಮೂಗು ಮುಚ್ಚಿಕೊಂಡು, ‘ಕಲಗಚ್ಚಿನ ಬಾನಿಯನ್ನ ಮತ್ತೆ ಕಲಗಚ್ಚೇ ಮಾಡಿದ್ಯಲ್ಲೇ’ ಅಂದರು.

ಮೊದಲು ಬೀಜದ ವಿಷಯ. ತಾವರೆಯಲ್ಲಿ ನೀಲಿ ಇಲ್ಲ. ನಮ್ಮ ತಾವರೆ ಗುಲಾಬಿ ಇಲ್ಲವೇ ಬಿಳಿ, ಅಮೆರಿಕದ್ದು ಹಳದಿ. ನೀಲಿ ಇರುವುದು ನೈದಿಲೆಯಲ್ಲಿ. ಎರಡನ್ನೂ ಗುರುತಿಸುವುದು ಸುಲಭ. ನೈದಿಲೆ ಎಲೆಗೆ ಅಂಚಿನಿಂದ ನಡುವಿನವರೆಗೆ ಸೀಳಿರುತ್ತದೆ, ನೀರಿನ ಮೇಲೇ ಮಲಗಿರುತ್ತದೆ. ತಾವರೆ ಎಲೆ ಸೀಳಿಲ್ಲದ ತಟ್ಟೆ, ಬೆಳೆದ ಮೇಲೆ ಕೊಡೆಯ ಹಾಗೆ ಎದ್ದು ನಿಲ್ಲುತ್ತದೆ. ನಿಮಗೆ ಬಂದದ್ದು ಕಡಲೆ ಗಾತ್ರದ ಗಟ್ಟಿ ಕಪ್ಪು ಬೀಜವಾಗಿದ್ದರೆ ಅದು ತಾವರೆಯದೇ, ಬಣ್ಣ ಮಾತ್ರ ಸುಳ್ಳು. ಅದರ ಸಿಪ್ಪೆ ಎಷ್ಟು ಗಟ್ಟಿ ಅಂದರೆ, ಚೀನಾದಲ್ಲಿ ಹಳೆಯ ಕೆರೆಯ ತಳದಲ್ಲಿ ಸಿಕ್ಕ ಸುಮಾರು 1300 ವರ್ಷದ ಬೀಜವೂ ಮೊಳೆತಿದೆ. ಸಿಪ್ಪೆ ತಾನಾಗಿ ನೀರು ಬಿಟ್ಟುಕೊಳ್ಳುವುದಿಲ್ಲ. ಬಡಗಿಗಳ ಉಪ್ಪು ಕಾಗದದಲ್ಲಿ ಒಂದು ತುದಿ ಉಜ್ಜಿ. ಒಳಗಿನ ಕೆನೆ ಬಣ್ಣ ಕಂಡ ತಕ್ಷಣ ನಿಲ್ಲಿಸಿ. ಲೋಟದ ನೀರಲ್ಲಿಟ್ಟು ದಿನಾ ನೀರು ಬದಲಿಸಿದರೆ ವಾರದೊಳಗೆ ಮೊಳಕೆ ಬರುತ್ತದೆ. ಮೊಮ್ಮಗಳಿಗೆ ಒಳ್ಳೆಯ ಆಟ. ಹೂ ಮಾತ್ರ ಬೇಗ ಕೇಳಬೇಡಿ. ಹೂ ಬೇಕಿದ್ದರೆ ಗೆಡ್ಡೆಯೇ ಸರಿ.

ಈಗ ಟಬ್ಬು. ಎಲ್ಲ ಖಾಲಿ ಮಾಡಿ. ಗಿಡವನ್ನು ಬೇರಿನ ಮಣ್ಣಿನ ಸಮೇತ ಬಕೆಟ್ ನೀರಲ್ಲಿಡಿ. ತಾವರೆಗೆ ಆಳಕ್ಕಿಂತ ಅಗಲ ಮುಖ್ಯ. 20 ಇಂಚು ಅಗಲ, ಒಂದು ಅಡಿ ಆಳದ, ತೂತಿಲ್ಲದ ದುಂಡು ಟಬ್ ಸಾಕು. ಚೌಕದ ಟಬ್ಬಿನಲ್ಲಿ ಗೆಡ್ಡೆ ಹರಿಯುತ್ತಾ ಮೂಲೆಗೆ ಸಿಕ್ಕಿ ತಿರುಗಲಾಗದೆ ಒದ್ದಾಡುತ್ತದೆ. ತಳಕ್ಕೆ ಎರಡು ಹಿಡಿ ಹಳೇ ಗೊಬ್ಬರ. ಮುಟ್ಟಿದರೆ ಪುಡಿಯಾಗಬೇಕು, ವಾಸನೆಯೇ ಇರಬಾರದು. ಅದರ ಮೇಲೆ ಐದಾರು ಇಂಚು ಜಿಗುಟು ಮಣ್ಣು. ಕೆರೆ ಮಣ್ಣು, ಗದ್ದೆ ಮಣ್ಣು ಯಾವುದಾದರೂ ಆದೀತು. ಕೋಕೋಪೀಟ್ ಬೇಡವೇ ಬೇಡ. ನಾಟಿ ಗದ್ದೆಯ ಕೆಸರಿನ ಹದಕ್ಕೆ ಕಲಸಿ, ಗಿಡ ಕೂರಿಸಿ, ಗೆಡ್ಡೆ ತೇಲದಂತೆ ಮೇಲೊಂದು ಕಲ್ಲಿಡಿ. ಗೆಡ್ಡೆಯ ಚೂಪು ತುದಿ ಮುರಿಯಬಾರದು, ಜೀವ ಇರುವುದೇ ಅಲ್ಲಿ. ಮಣ್ಣಿನ ಮೇಲೆ ತೆಳ್ಳಗೆ ಮರಳು ಹರಡಿ, ತಟ್ಟೆಯೊಂದನ್ನಿಟ್ಟು ಅದರ ಮೇಲೆ ನಿಧಾನಕ್ಕೆ ನೀರು ಬಿಡಿ. ಮಣ್ಣಿನ ಮೇಲೆ ನಾಲ್ಕು ಇಂಚು ನೀರು ನಿಂತರೆ ಸಾಕು.

ಇನ್ನು ಮುಂದೆ ನೀರು ಬದಲಿಸಬೇಡಿ ಮಾರಾಯ್ರೇ. ನೀರು ಹಸಿರಾಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಿಂದ. ಗೊಬ್ಬರದ ಸಾರ, ಬಿಸಿಲು ಎರಡೂ ಸಿಕ್ಕರೆ ಅದಕ್ಕೆ ಹಬ್ಬ. ನೀವು ಚೆಲ್ಲಿದ ಪ್ರತಿ ಸಲವೂ ಮಣ್ಣು ಕದಡಿ ಹೊಸ ನೀರಿಗೆ ಮತ್ತೆ ಸಾರ ಇಳಿಯುತ್ತದೆ, ಪಾಚಿಗೆ ಹೊಸ ಊಟ. ಬಿಟ್ಟುಬಿಡಿ. ಮೊದಲು ರೂಪಾಯಿ ನಾಣ್ಯದಂಥ ಎಲೆಗಳು ತೇಲುತ್ತವೆ, ಆಮೇಲೆ ದೊಡ್ಡವು. ಎಲೆ ಮುಕ್ಕಾಲು ಪಾಲು ನೀರು ಮುಚ್ಚುವ ಹೊತ್ತಿಗೆ ಬಿಸಿಲು ಸಿಗದೆ ಪಾಚಿ ತಾನೇ ಸೋಲುತ್ತದೆ. ಆರಿದಷ್ಟು ನೀರು ತುಂಬಿಸಿ, ಅಷ್ಟೇ. ಎದ್ದು ನಿಲ್ಲುವ ಎಲೆ ಬಂದ ಮೇಲೆಯೇ ಮೊಗ್ಗಿನ ಆಸೆ ಇಟ್ಟುಕೊಳ್ಳಿ. ಬಾಡಿದ ಎಲೆಯ ದಂಟನ್ನು ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ದಂಟು ಒಳಗೆ ಟೊಳ್ಳು, ಕೆಳಗೆ ಕತ್ತರಿಸಿದರೆ ನೀರು ಇಳಿದು ಗೆಡ್ಡೆ ಕೊಳೆಯಬಹುದು.

ಪಕ್ಕದ ಮನೆಯವರ ಭಯ ಸುಳ್ಳಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆ ಸುತ್ತ ನಿಂತ ನೀರೇ ಬೇಕು. ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೆಟ್ಟ ದಿನದಿಂದಲೇ ಟೀ ಸೋಸುವ ಜಾಲರಿಯಿಂದ ಎರಡು ದಿನಕ್ಕೊಮ್ಮೆ ಹುಳ ತೆಗೆಯಿರಿ. ಎರಡು ವಾರದ ಮೇಲೆ, ವಾಸನೆ ಇಲ್ಲ ಅಂತಾದರೆ, ನಾಲ್ಕೈದು ಗಪ್ಪಿ ಮೀನು ಬಿಡಿ. ಸೊಳ್ಳೆ ಹುಳ ತಿನ್ನಲೆಂದೇ ಆರೋಗ್ಯ ಇಲಾಖೆಯವರೂ ಬಾವಿ, ತೊಟ್ಟಿಗಳಿಗೆ ಬಿಡುವ ಮೀನು ಇದು. ಆಹಾರ ಜಾಸ್ತಿ ಹಾಕಬೇಡಿ, ಹೊಟ್ಟೆ ತುಂಬಿದ ಮೀನು ಹುಳ ಹುಡುಕುವುದಿಲ್ಲ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಬಕೆಟ್ಟಲ್ಲಿ ಒಂದು ರಾತ್ರಿ ಇಟ್ಟು ಹಾಕಿ. ಮರಿಗಳು ಜಾಸ್ತಿಯಾದರೆ ಯಾರಿಗಾದರೂ ಕೊಡಿ, ಕೆರೆಗೆ ಬಿಡಬೇಡಿ. ಕೆರೆಯಲ್ಲಿರುವ ನಮ್ಮ ಸಣ್ಣ ಮೀನುಗಳಿಗೆ ಅವು ಕಂಟಕ.

ಮೊಮ್ಮಗಳು ಎಷ್ಟು ದೊಡ್ಡವಳು ಅಂತ ಬರೆದಿಲ್ಲ. ಅಂಬೆಗಾಲಿನ ಮಗುವಾದರೆ ಟಬ್ಬಿಗೆ ಗಟ್ಟಿ ಜಾಲರಿ ಮುಚ್ಚಿ, ತಾರಸಿ ಬಾಗಿಲಿಗೆ ಚಿಲಕ ಹಾಕಿ. ಗೇಣುದ್ದ ನೀರೂ ಮಗುವಿಗೆ ಅಪಾಯವೇ.

ಪ್ರಶ್ನೆ: ಮೂರನೇ ಮಹಡಿಯ ಫ್ಲ್ಯಾಟ್. ಬಾಲ್ಕನಿಗೆ ಬೆಳಿಗ್ಗೆ ಎರಡು ಗಂಟೆ ಮಾತ್ರ ಬಿಸಿಲು. ತಾವರೆ ಬೆಳೆಯಬಹುದೇ?
— ಓದುಗರು, ಬೆಂಗಳೂರು

ಉತ್ತರ: ಎಲೆ ಬಂದೀತು, ಹೂ ಬರುವುದಿಲ್ಲ. ತಾವರೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೀವು ಬಜೆ ನೆಡಿ, ಪಕ್ಕದಲ್ಲಿ ಒಂದೆಲಗ. ಬಜೆ ಬೇರು ಮನೆಯ ಮಗುವಿಗೆ ತೇಯುವುದು ಗೊತ್ತಲ್ವಾ, ಅದೇ. ಎಲೆ ಮುರಿದರೆ ಘಮಘಮ. ಒಂದೆಲಗಕ್ಕೆ ಕಾಲು ತೇವವಿದ್ದರೆ ಸಾಕು, ತಂಬುಳಿಗೂ ಆಯಿತು. ನೇರಳೆ ಹೂವಿನ ಅಂತರಗಂಗೆಯನ್ನು ಮಾತ್ರ ಚೆಂದ ಅಂತ ತರಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಕಳೆ ಅದು, ನಿಮ್ಮೂರಿನ ಕೆರೆಗಳ ಗತಿ ನೋಡಿದ್ದೀರಲ್ಲ. ಇನ್ನು ಭಾರ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಎರಡಡಿ ಅಗಲ, ಒಂದಡಿ ಆಳದ ಟಬ್ಬಿನಲ್ಲಿ ಸುಮಾರು 90 ಲೀಟರ್ ಹಿಡಿಯುತ್ತದೆ, ಮಣ್ಣು ಸೇರಿದರೆ ನೂರು ಕೆಜಿ ದಾಟುತ್ತದೆ. ಅದರಲ್ಲಿ ಅರ್ಧದಷ್ಟು ಸಾಕು. ಗೋಡೆಗೆ ಒತ್ತಿ ಇಡಿ, ಕಂಬಿಯ ಪಕ್ಕ ಬೇಡ.

ಪ್ರಶ್ನೆ: ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ ನೈದಿಲೆ, ಮೀನು ಇಟ್ಟರೆ ಚೆನ್ನಾಗಿರುತ್ತದಲ್ಲವೇ ಅಕ್ಕಾ?
— ಓದುಗರು, ಸಾಗರ

ಉತ್ತರ: ನೋಡಲು ಚೆಂದ, ಮೀನು ಉಳಿಯುವುದಿಲ್ಲ. ನೀರಿಗೆ ಇಳಿಯುವ ತಾಮ್ರ ಅವಕ್ಕೆ ವಿಷ. ಹಂಡೆಯ ಬಾಯಿಗೆ ಇಳಿಯುವ ಪ್ಲಾಸ್ಟಿಕ್ ಬಕೆಟ್ ಹುಡುಕಿ, ಗಿಡ, ಮೀನು ಎರಡನ್ನೂ ಅದರೊಳಗೇ ಇಡಿ. ಹೊರಗಿನಿಂದ ನೋಡುವವರಿಗೆ ಹಂಡೆಯೇ ಕಾಣುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ಮಾತ್ರ ನಿಮಗೆ ತಪ್ಪಿದ್ದಲ್ಲ.