ನವೆಂಬರ್ ಮಧ್ಯದಲ್ಲಿ ಕಾಸರಗೋಡಿನಲ್ಲಿ ಮಳೆ ಇರುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನೀವಿರುವುದು ಬೆಂಗಳೂರಿನಲ್ಲಿ, ತಂದೆಯವರ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ, ಕಾಸರಗೋಡಿನ ಬದಿಯಡ್ಕದಿಂದ ಆಚೆ. ನವೆಂಬರ್ 15ರಂದು ಅಲ್ಲಿ ಬೆಳಿಗ್ಗೆ ಗಣಹೋಮ, ಸಂಜೆ ದೈವಕ್ಕೆ ತಂಬಿಲ ಎಂಬ ಸೇವೆ, ಇನ್ನೂರು ಜನರಿಗೆ ಅಂಗಳದಲ್ಲೇ ಊಟ. ಇನ್ನೂ ಹದಿನೆಂಟು ದಿನ ಇದೆ, ಮೊಬೈಲಿನ ಮೂರು ಆಪ್‌ಗಳು ಮೂರು ರೀತಿ ಹೇಳುತ್ತಿವೆ, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ.

ಮೂರನ್ನೂ ನಂಬಬೇಡಿ. ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಹದಿನೆಂಟು ದಿನ ಮೊದಲೇ ಹೇಳುವುದು ಯಾರಿಂದಲೂ ಆಗದ ಕೆಲಸ. ಆದರೆ ಮಳೆ ಬಂದರೆ ಎಷ್ಟು ಹೊತ್ತಿಗೆ ಬಂದೀತು ಎಂಬುದನ್ನು ಇವತ್ತೇ ಬರೆದು ಕೊಡಬಲ್ಲೆ: ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರ, ರಾತ್ರಿ ಒಂಬತ್ತರ ಒಳಗೆ. ಹೋಮದ ಚಿಂತೆ ಬಿಡಿ. ತಂಬಿಲದ ಚಿಂತೆ ಸ್ವಲ್ಪ ಇರಲಿ.

ನಾನು ಹವಾಮಾನ ತಜ್ಞನಲ್ಲ, ಪೆರ್ಲದ ಕಡೆಯ ಅಡಿಕೆ ಕೃಷಿಕ. ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬೀಳುವುದು ಸರಿಯಾಗಿ ಈ ದಿನಗಳಲ್ಲೇ. ಅದು ಒಣಗಿ ಚಾಲಿಯಾಗಲು ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ನಡುವೆ ನಾಲ್ಕು ಸಲ ನೆನೆದರೆ ಬೂಸು ಹಿಡಿದು, ಸುಲಿದಾಗ ಒಳಗೆ ಕಪ್ಪು ಕಾಣಿಸುತ್ತದೆ, ದರ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಪ್ರತಿದಿನ ಎರಡು ಗಂಟೆಗೆ ಊಟ ಮುಗಿಸಿ ಜಗಲಿಯಲ್ಲಿ ನಿಂತು ಪೂರ್ವಕ್ಕೆ ನೋಡುವುದು ನನಗೆ ಸಂಧ್ಯಾವಂದನೆಯಷ್ಟೇ ಅಭ್ಯಾಸವಾಗಿದೆ.

ಪೂರ್ವಕ್ಕೆ ಎಂದದ್ದನ್ನು ಗಮನಿಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಕಡಲಿನಿಂದ ಬರುತ್ತದೆ, ಹಗಲು ರಾತ್ರಿ ಎನ್ನದೆ ಸುರಿಯುತ್ತದೆ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ತುಲಾ ಮಾಸದ ಮಳೆಯ ಸ್ವಭಾವವೇ ಬೇರೆ. ಮಲಯಾಳದವರು ತುಲಾವರ್ಷ ಎನ್ನುತ್ತಾರೆ, ತುಳುವಿನಲ್ಲಿ ಇದು ಬೊಂತೆಲ್ ತಿಂಗಳು, ಪಂಚಾಂಗದಲ್ಲಿ ನಿಮ್ಮ ದಿನ ಬೀಳುವುದು ವಿಶಾಖ ಮಳೆಯೊಳಗೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಹನ್ನೊಂದರ ಹೊತ್ತಿಗೆ ಸೆಕೆ ಶುರುವಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇರುತ್ತದೆ, ಅದಕ್ಕೆ ಕಡಲಿನಿಂದ ಒಳನುಗ್ಗಿದ ತೇವ ಸೇರಿಕೊಳ್ಳುತ್ತದೆ. ಮೂರರ ಸುಮಾರಿಗೆ ಘಟ್ಟದ ಮೇಲೆ ಹೂಕೋಸಿನಂತೆ ಎದ್ದ ಮೋಡದ ಬುಡ ಕಪ್ಪಾಗಿ ಇತ್ತ ಕಡೆಗೆ ಜಾರುತ್ತದೆ. ಮೊದಲು ತಣ್ಣನೆಯ ಗಾಳಿ, ಆಮೇಲೆ ಗುಡುಗು, ಆಮೇಲೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ದಪ್ಪ ಹನಿಯ ಮಳೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿದ ಮೇಲೆ ಟಾರ್ಪಾಲ್ ಎಳೆಯಲು ನಮಗೆ ಸಿಗುವುದು ಹತ್ತು ನಿಮಿಷ. ನನ್ನ ಅಂಗಳ ನೆನೆಯುವಾಗ ತೋಡಿನಾಚೆಯ (ಸಣ್ಣ ಹಳ್ಳದಾಚೆಯ) ಮನೆಯವರ ಅಡಿಕೆ ಬಿಸಿಲಿನಲ್ಲೇ ಇದ್ದದ್ದೂ ಉಂಟು. ಅದನ್ನು ನೋಡಿ ಉಂಟಾಗುವ ಸಂಕಟ ಆಪ್‌ನಲ್ಲಿ ಕಾಣಿಸುವುದಿಲ್ಲ.

ಪ್ರಮಾಣದ ಮಾತು ಹೇಳಿ ಮುಂದೆ ಹೋಗುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನ ಸರಾಸರಿ ಸುಮಾರು 2800 ಮಿ.ಮೀ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ ಬೀಳುವುದು 300 ಮಿ.ಮೀ.ಗಿಂತ ತುಸು ಹೆಚ್ಚು, ಅದರ ದೊಡ್ಡ ಪಾಲು ಅಕ್ಟೋಬರಿನಲ್ಲೇ ಮುಗಿದಿರುತ್ತದೆ. ಇಡೀ ಕೇರಳದ ಹಿಂಗಾರಿನ ಸರಾಸರಿ 490 ಮಿ.ಮೀ. ಆಸುಪಾಸು, ದಕ್ಷಿಣದ ಪತ್ತನಂತಿಟ್ಟ, ಕೊಲ್ಲಂ ಕಡೆಯವರು ಆ ಲೆಕ್ಕವನ್ನು ಮೇಲೆತ್ತುತ್ತಾರೆ. ಆದ್ದರಿಂದ ಟಿ.ವಿ.ಯಲ್ಲಿ ‘ಕೇರಳದಲ್ಲಿ ಭಾರೀ ಮಳೆ’ ಎಂದು ಬಂದಾಗ ಬೆಂಗಳೂರಿನಲ್ಲಿ ಕುಳಿತು ಗಾಬರಿಯಾಗಬೇಡಿ, ಯಾವ ಜಿಲ್ಲೆ ಎಂದು ಮೊದಲು ನೋಡಿ.

ನಾನು ಹೇಳಿದ ಈ ಗಂಟೆಯ ಲೆಕ್ಕ ಪೂರ್ತಿ ತಲೆಕೆಳಗಾಗುವುದು ಒಂದೇ ಒಂದು ಸಂದರ್ಭದಲ್ಲಿ: ಕಡಲಿನಲ್ಲಿ ವಾಯುಭಾರ ಕುಸಿದಾಗ. 2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ‘ಕ್ಯಾರ್’, ಅದರ ಬೆನ್ನಿಗೇ ‘ಮಹಾ’ ಚಂಡಮಾರುತಗಳು ಎದ್ದವು. ದೀಪಾವಳಿಯ ಹಣತೆ ಜಗಲಿ ಬಿಟ್ಟು ಕೆಳಗಿಳಿಯಲಿಲ್ಲ. ಆದರೆ ನನಗೆ ಪಾಠ ಕಲಿಸಿದ್ದು ನಮ್ಮ ಕಡಲಿನದ್ದಲ್ಲ, ಆಚೆಯ ಕಡಲಿನ ಚಂಡಮಾರುತ.

ತೋಟದ ಕೆಳಗಿನ ತೋಡಿಗೆ ಪ್ರತಿವರ್ಷ ನಾವು ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ. ನೀರು ನಿಂತರೆ ಕೆಳಗಿನ ಬಾವಿಗಳೂ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಗಳೂ ಇನ್ನಷ್ಟು ದಿನ ಜೀವ ಹಿಡಿದುಕೊಳ್ಳುತ್ತವೆ. ಬೇಗ ಕಟ್ಟಿದರೆ ಹಿಂಗಾರು ಕೊಚ್ಚಿಕೊಂಡು ಹೋಗುತ್ತದೆ, ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. 2024ರಲ್ಲಿ ಡಿಸೆಂಬರ್ 1, ಭಾನುವಾರ, ಏಳು ಮಂದಿ ಸೇರಿ ಸೊಂಟ ನೋಯುವವರೆಗೆ ದುಡಿದು ಕಟ್ಟ ಮುಗಿಸಿದೆವು. ಹಿಂದಿನ ರಾತ್ರಿ ‘ಫೆಂಗಲ್’ ಪುದುಚೇರಿಯ ಬಳಿ ದಡ ಸೇರಿದ ಸುದ್ದಿಯನ್ನು ನೋಡಿದ್ದೆ. ಅದು ಅವರ ಗೋಳು ಎಂದುಕೊಂಡು ಮಲಗಿದ್ದೆ. ಅದರ ಅಳಿದುಳಿದ ಭಾಗ ನೆಲ ದಾಟಿ ಈಚೆಗೆ ಬಂತು. ಸೋಮವಾರ ಕಾಸರಗೋಡಿಗೆ ರೆಡ್ ಅಲರ್ಟ್. ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದರೆ ಕಟ್ಟ ಇದ್ದ ಜಾಗದಲ್ಲಿ ಕೆಂಪು ನೀರು ಭೋರೆನ್ನುತ್ತಿತ್ತು, ನಮ್ಮ ನೀಲಿ ಪ್ಲಾಸ್ಟಿಕ್ ಹಾಳೆ ಕೆಳಗಿನ ತೋಟದ ಎರಡು ಅಡಿಕೆ ಮರಗಳ ನಡುವೆ ಮದುವೆ ಮನೆಯ ಪರದೆಯ ಹಾಗೆ ನೇತಾಡುತ್ತಿತ್ತು.

ಹಾಗಾಗಿ ನವೆಂಬರ್ 10ರವರೆಗೆ ಏನನ್ನೂ ನೋಡಬೇಡಿ. ಆಮೇಲೆ ದಿನಕ್ಕೊಮ್ಮೆ ಎರಡು ವಿಷಯ ನೋಡಿ ಸಾಕು. ಬಂಗಾಳ ಕೊಲ್ಲಿಯಲ್ಲಾಗಲಿ ಅರಬ್ಬಿಯಲ್ಲಾಗಲಿ ವಾಯುಭಾರ ಕುಸಿತ ಇದೆಯೇ ಎಂಬುದು ಒಂದು. ಹವಾಮಾನ ಇಲಾಖೆಯ ತಿರುವನಂತಪುರ ಕೇಂದ್ರ ಕಾಸರಗೋಡು ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ ಕೊಟ್ಟಿದೆ ಎಂಬುದು ಇನ್ನೊಂದು. ನಾವು ಓದುವುದು ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆ, ಅದರಲ್ಲಿ ಎದ್ದು ಕಾಣುವುದು ದಕ್ಷಿಣ ಕನ್ನಡದ ಮುನ್ಸೂಚನೆ. ಅದು ಬೆಂಗಳೂರು ಕೇಂದ್ರದ್ದು. ಎರಡೂ ಹೆಚ್ಚುಕಡಿಮೆ ಒಂದೇ ಇರುತ್ತವೆ, ಆದರೆ ಬಣ್ಣ ಬೇರೆಯಾದ ದಿನವೇ ನೆಂಟರೆಲ್ಲ ಫೋನ್ ಮಾಡುವುದು. ಹಳದಿ ಎಂದರೆ ಸಾಮಾನ್ಯವಾಗಿ ಜಿಲ್ಲೆಯ ಎಲ್ಲೋ ಒಂದೆರಡು ಕಡೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು ಬೀಳಬಹುದು ಎಂದರ್ಥ. ಹಳದಿಗೆ ಕಾರ್ಯಕ್ರಮ ಮುಂದೂಡಿದರೆ ಈ ಊರಿನಲ್ಲಿ ಯಾವ ಶುಭಕಾರ್ಯವೂ ನಡೆಯಲಿಕ್ಕಿಲ್ಲ. ಕಿತ್ತಳೆ ಬಂದರೆ ಊಟವನ್ನು ಅಂಗಳದಿಂದ ಬೇರೆಡೆಗೆ ಸಾಗಿಸುವ ದಾರಿ ಹುಡುಕಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಮಳೆಗಿಂತ ನಾನು ಹೆಚ್ಚು ಹೆದರುವ ವಿಷಯ ಸಿಡಿಲು. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಎಚ್ಚರ ಎಂದು ವರ್ಷವರ್ಷವೂ ಹೇಳುತ್ತದೆ, ನಿಮ್ಮ ತಂಬಿಲ ಬೀಳುವುದು ಆ ಹೊತ್ತಿನಲ್ಲೇ. ದೈವದ ಕಟ್ಟೆ ಸಾಮಾನ್ಯವಾಗಿ ದೊಡ್ಡ ಮರದ ಬುಡದಲ್ಲಿರುತ್ತದೆ. ಗುಡುಗು ಕೇಳಿದ ಕೂಡಲೇ ಮಕ್ಕಳನ್ನೂ ತಂದೆಯವರನ್ನೂ ಮನೆಯೊಳಗೆ ಕರೆದುಕೊಳ್ಳಿ. ದೈವ ಅರ್ಧ ಗಂಟೆ ಕಾಯುತ್ತದೆ. ಮೈಕ್, ಜನರೇಟರ್ ಇಡುವವರಿಗೂ ಇದನ್ನು ಮೊದಲೇ ಹೇಳಿಡಿ.

ಸಂಜೆ ಬೇಕಲ ಕೋಟೆಗೆ ಹೋಗುವ ಆಸೆ ಇದ್ದರೆ ಮರುದಿನ ಬೆಳಿಗ್ಗೆ ಹೋಗಿ. ಸ್ವೆಟರ್ ಬೇಡ, ಹಗಲು 32–33 ಡಿಗ್ರಿ ಇರುತ್ತದೆ. ಮಳೆ ನಿಂತ ರಾತ್ರಿ ಮಾತ್ರ ಸ್ವಲ್ಪ ತಂಪು.

ಇನ್ನು ಚಪ್ಪರ. ಶಾಮಿಯಾನ ಬೇಡ, ಗಾಳಿಗೆ ಹೊಟ್ಟೆ ತುಂಬಿಕೊಂಡು ನೀರನ್ನು ಒಂದೇ ಸಲ ಬಡಿಸುವವನ ತಲೆಗೆ ಸುರಿಯುತ್ತದೆ. ತಗಡಿನ ಶೀಟಿನದ್ದೇ ಹೇಳಿ. ಚಪ್ಪರದವರು ಮಳೆಗಾಲದ ರೂಢಿಯಂತೆ ಪಡುವಣ ಬದಿಗೆ ಟಾರ್ಪಾಲ್ ಕಟ್ಟಿ ಮೂಡಣ ಬದಿಯನ್ನು ಖಾಲಿ ಬಿಟ್ಟು ಹೋಗುತ್ತಾರೆ. ಬೊಂತೆಲ್ ಮಳೆ ಎರಚುವುದು ಮೂಡಣದಿಂದ. ಅವರು ಕಂಬ ನೆಡುವ ಹೊತ್ತಿಗೆ ಮನೆಯವರೊಬ್ಬರು ಅಲ್ಲೇ ನಿಂತು, ಟಾರ್ಪಾಲನ್ನು ಆ ಬದಿಗೆ ಕಟ್ಟಿಸಿ.