ಐಸ್ ಹಾಕಿಯಲ್ಲಿ ಮೈ ಗಟ್ಟಿ ಇರ್ಬೇಕಾ, ಕೈಚಳಕ ಇರ್ಬೇಕಾ?

ಪ್ರಶ್ನೆ ಕೇಳಿರೋರು ಹೇಳ್ತಿರೋದು ಇಷ್ಟು: ಫೋನಲ್ಲಿ ಬರೋ ಕ್ಲಿಪ್‌ಗಳಲ್ಲೆಲ್ಲ ಐಸ್ ಹಾಕಿ ಅಂದ್ರೆ ಬರೀ ಗ್ಲೌಸ್ ಬಿಸಾಕಿ ಗುದ್ದಾಡೋದೇ ಕಾಣ್ಸುತ್ತೆ, ಹಾಗಿದ್ರೆ ಪ್ರೊಫೆಷನಲ್ ಲೆವೆಲ್‌ನಲ್ಲಿ ಮೈ ಗಟ್ಟಿ ಇರೋದು ಮುಖ್ಯನಾ ಸ್ಕಿಲ್ ಮುಖ್ಯನಾ, ಮತ್ತೆ ಈ ಹೊಡೆದಾಟನ ಇನ್ನೂ ಯಾಕೆ ಬಿಟ್ಟಿದಾರೆ ಅಂತ.

ಸ್ಕಿಲ್ಲೇ ಮುಖ್ಯ. ಮೊದಲೇ ಹೇಳ್ಬಿಟ್ಟೆ. ಆದ್ರೆ "ಶಕ್ತಿಗಿಂತ ಯುಕ್ತಿ ಮೇಲು" ಅಂತ ಗಾದೆ ಹೇಳಿ ಎದ್ದು ಹೋಗೋ ಅಷ್ಟು ಸುಲಭ ಇಲ್ಲ ಈ ಆಟದಲ್ಲಿ, ಯಾಕಂದ್ರೆ ಗಟ್ಟಿತನ ಅಂತ ನಾವು ಅಂದ್ಕೊಂಡಿರೋದೇ ಬೇರೆ, ಅಲ್ಲಿ ನಿಜವಾಗ್ಲೂ ಬೇಕಾಗಿರೋ ಗಟ್ಟಿತನ ಬೇರೆ. ಏಟು ಕೊಡೋ ಗಟ್ಟಿತನ ಸೈಡಿಗಿಡಿ. ಏಟು ಬರ್ತಿದೆ ಅಂತ ಗೊತ್ತಿದ್ರೂ ಕೈ ನಡುಗದೆ ಸರಿಯಾದ ಪಾಸ್ ಕೊಡೋದಿದ್ಯಲ್ಲ, ನಾನು ಮಾತಾಡ್ತಿರೋದು ಅದರ ಬಗ್ಗೆ.

ಇದು ನನಗೆ ಅರ್ಥ ಆಗಿದ್ದು ಟಿವಿ ನೋಡಿ ಅಲ್ಲ. ದೊಡ್ಡವನಾದ್ಮೇಲೆ ಸ್ಕೇಟಿಂಗ್ ಕಲ್ತು, ನಮ್ಮಂಥ ಕಲಿಯೋರೇ ಇರೋ ಒಂದು ಗುಂಪಲ್ಲಿ ವಾರಕ್ಕೊಂದ್ಸಲ ಆಡ್ತಿದ್ದೆ, ಅಲ್ಲಿ ಬಾಡಿ ಚೆಕ್ ಮಾಡೋ ಹಾಗೇ ಇಲ್ಲ, ಅಂದ್ರೆ ಬೇಕಂತ ಮೈ ತಗುಲಿಸಿ ಗುದ್ದೋದು ನಿಷಿದ್ಧ. ಆದ್ರೂ ಹಿಂದಿನಿಂದ ಸ್ಕೇಟ್ ಕೆರೆಯೋ ಸದ್ದು ಹತ್ರ ಬಂದ್ರೆ ಸಾಕು, ಅಷ್ಟೊತ್ತು ಚೆನ್ನಾಗೇ ಸ್ಟಿಕ್ಕಿಗೆ ಅಂಟ್ಕೊಂಡಿದ್ದ ಪಕ್ಕನ್ನ (ಚೆಂಡಿನ ಬದಲು ಆಡೋ ಚಪ್ಪಟೆ ರಬ್ಬರ್ ಬಿಲ್ಲೆ) ನಾನು ಕಣ್ಣು ಮುಚ್ಚಿ ಎತ್ತಲೋ ತಳ್ಬಿಡ್ತಿದ್ದೆ. ಯಾರೂ ನನ್ನ ಮುಟ್ಟಿರ್ಲಿಲ್ಲ. ಬರೀ ಸದ್ದಿಗೇ ನನ್ನ ಸ್ಕಿಲ್ ಎಲ್ಲಾ ನೀರಿಗೆ ಹೋಗಿತ್ತು (ಇದ್ದಿದ್ದೇ ಅಷ್ಟು, ಆ ಮಾತು ಬೇರೆ). ಇನ್ನು ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಅಮೆರಿಕ-ಕೆನಡಾದ ದೊಡ್ಡ ಪ್ರೊಫೆಷನಲ್ ಲೀಗಲ್ಲಿ, ಗಂಟೆಗೆ 30 ಕಿಲೋಮೀಟರಿಗೂ ಜಾಸ್ತಿ ಸ್ಪೀಡಲ್ಲಿ ನೂರು ಕೇಜಿ ಮನುಷ್ಯ ಬಂದು ಬೋರ್ಡಿಗೆ (ಐಸ್ ಸುತ್ತ ಇರೋ ಗೋಡೆಗೆ) ಅಪ್ಪಳಿಸ್ತಾನೆ ಅಂತ ಗೊತ್ತಿದ್ದೂ, ಆ ಅರ್ಧ ಸೆಕೆಂಡು ಪಕ್ ಹಿಡ್ಕೊಂಡು, ಇನ್ನೊಬ್ಬ ಜಾಗಕ್ಕೆ ಬರೋವರೆಗೂ ಕಾದು ಪಾಸ್ ಕೊಟ್ಟು, ಆಮೇಲೆ ಏಟು ತಿನ್ನೋರು ಎಂಥೋರು ಅಂತ ಯೋಚನೆ ಮಾಡಿ. ಅದನ್ನ ಸ್ಕಿಲ್ ಅಂತೀರೋ ಗಟ್ಟಿತನ ಅಂತೀರೋ? ನನಗಂತೂ ಗೆರೆ ಎಳೆಯೋಕೆ ಆಗಲ್ಲ.

ಬಾಡಿ ಚೆಕ್‌ನ ಉದ್ದೇಶನೂ ಅದೇ. ನೋಯಿಸೋದು ಅಲ್ಲ, ಟೈಮ್ ಕಿತ್ಕೊಳ್ಳೋದು. ರಿಂಕ್ ಇರೋದು 200 ಅಡಿ ಉದ್ದ 85 ಅಡಿ ಅಗಲ, ಅದರಲ್ಲಿ ಹತ್ತು ಜನ ಓಡಾಡ್ತಿರ್ತಾರೆ, ಎರಡೂ ಕಡೆ ಗೋಲ್ ಕಾಯೋ ಗೋಲಿ ಬೇರೆ, ಜಾಗ ಅನ್ನೋದೇ ಇಲ್ಲ. ಎದುರಾಳಿ ಡಿಫೆನ್ಸ್‌ಮನ್ ಮೂಲೆಗೆ ಹೋಗಿ ಪಕ್ ತಗೋಬೇಕಾದ್ರೆ ಪ್ರತಿ ಸಲ ಒಬ್ಬ ಬಂದು ಗುದ್ದಿದ್ರೆ, ಮೂರನೇ, ಅಂದ್ರೆ ಕೊನೇ ಪೀರಿಯಡ್ ಹೊತ್ತಿಗೆ ಅವನು ಪಕ್ ಹತ್ರ ಹೋಗೋಕೆ ಮುಂಚೆನೇ ಒಂದ್ಸಲ ಹೆಗಲ ಮೇಲಿಂದ ಹಿಂದೆ ನೋಡ್ತಾನೆ. ಆ ಒಂದು ನೋಟದಲ್ಲೇ ಪಾಸ್ ಕೆಡೋದು. ಪ್ಲೇಆಫ್‌ನಲ್ಲಿ ಒಂದೇ ಟೀಮ್ ಎದುರು ಏಳು ಮ್ಯಾಚ್ ತನಕ ಆಡ್ಬೇಕು, ನಾಲ್ಕು ರೌಂಡ್ ಗೆದ್ರೆ, ಅಂದ್ರೆ 16 ಮ್ಯಾಚ್ ಗೆದ್ರೆ ಲೀಗಿನ ಚಾಂಪಿಯನ್‌ಗೆ ಕೊಡೋ ಸ್ಟ್ಯಾನ್ಲಿ ಕಪ್, ಅಲ್ಲಿ ಈ ಗುದ್ದಾಟ ಬಡ್ಡಿ ಥರ ಸೇರ್ತಾ ಹೋಗುತ್ತೆ.

ಈಗ ಗಟ್ಟಿತನದ ಪರ ಇರೋರು ಯಾವಾಗ್ಲೂ ಎತ್ಕೊಂಡು ಬರೋ ಉದಾಹರಣೆಗೆ ಬರೋಣ, 70ರ ದಶಕದ ಫಿಲಡೆಲ್ಫಿಯಾ ಫ್ಲೈಯರ್ಸ್. "ಬ್ರಾಡ್ ಸ್ಟ್ರೀಟ್ ಬುಲ್ಲೀಸ್" ಅಂತಾನೇ ಹೆಸರು, ಹೊಡ್ದು ಬಡ್ದು 1974, 1975 ಎರಡೂ ವರ್ಷ ಕಪ್ ಗೆದ್ರು. ಅವರಲ್ಲಿ ಡೇವ್ ಶುಲ್ಟ್ಜ್ ಅನ್ನೋನು 1974-75ರ ಒಂದೇ ಸೀಸನ್‌ನಲ್ಲಿ 472 ನಿಮಿಷ ಪೆನಾಲ್ಟಿ (ತಪ್ಪಾಟಕ್ಕೆ ಐಸಿಂದ ಹೊರಗೆ ಕೂರ್ಸೋ ಸಮಯ) ತಗೊಂಡ, ಲೆಕ್ಕ ಹಾಕಿ, ಹತ್ರ ಹತ್ರ ಎಂಟು ಗಂಟೆ, ಇವತ್ತಿಗೂ ಆ ದಾಖಲೆ ಮುರ್ದಿಲ್ಲ. ಸರಿ. ಆದ್ರೆ ಆ ಎರಡೂ ಪ್ಲೇಆಫ್‌ನಲ್ಲಿ ಅತ್ಯುತ್ತಮ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿ ಸಿಕ್ಕಿದ್ದು ಯಾರಿಗೆ? ಬರ್ನಿ ಪ್ಯಾರೆಂಟ್‌ಗೆ. ಗೋಲಿ! ಕ್ಯಾಪ್ಟನ್ ಬಾಬಿ ಕ್ಲಾರ್ಕ್ ಮೂರು ಸಲ ಲೀಗಿನ ಬೆಸ್ಟ್ ಪ್ಲೇಯರ್ ಅಂತ ಹಾರ್ಟ್ ಟ್ರೋಫಿ ಗೆದ್ದೋನು. ಅಂದ್ರೆ ಗುದ್ದಾಟ ಜನಕ್ಕೆ ನೆನಪಿರೋ ಭಾಗ, ಗೆಲ್ಲಿಸಿದ್ದು ಬೇರೆನೇ. ಮುಂದಿನ ವರ್ಷ 1976ರ ಫೈನಲ್‌ನಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಬಂದು ಇದೇ ಫ್ಲೈಯರ್ಸನ್ನ 4-0 ಅಂತ ಗುಡಿಸಿ ಹಾಕ್ತು. ಆ ಮಾಂಟ್ರಿಯಲ್ ಟೀಮಲ್ಲಿ ಲಾರಿ ರಾಬಿನ್ಸನ್ ಥರ ದೊಡ್ಡ ಆಳುಗಳೂ ಇದ್ರು, ಹೆದರೋ ಪೈಕಿ ಅಲ್ಲ, ಆದ್ರೆ ಗೆದ್ದಿದ್ದು ಗೀ ಲಾಫ್ಲೂರ್ ಸ್ಪೀಡಿನ ಮೇಲೆ, ಮತ್ತೆ ಅಲ್ಲಿಂದ 1979ರವರೆಗೂ ಸಾಲಾಗಿ ನಾಲ್ಕು ಕಪ್ ಅವರದ್ದೇ.

ವೇಯ್ನ್ ಗ್ರೆಟ್ಸ್ಕಿ ಹೆಸರು ಬರ್ಲೇಬೇಕು. 2857 ಪಾಯಿಂಟ್ (ಗೋಲೂ, ಗೋಲಿಗೆ ಕೊಟ್ಟ ಪಾಸೂ ಸೇರಿ), ಆರಡಿ ಎತ್ತರ, 85 ಕೇಜಿ ಒಳಗೇ ತೂಕ, ಹಾಕಿ ಲೆಕ್ಕದಲ್ಲಿ ಸಣಕಲೇ. ಇವನ ಮೇಲೆ ಕೈ ಹಾಕಿದ್ರೆ ಡೇವ್ ಸೆಮೆಂಕೊ ಬಂದು ವಿಚಾರಿಸ್ಕೊಳ್ತಿದ್ದ, ಆಮೇಲೆ ಮಾರ್ಟಿ ಮೆಕ್‌ಸೋರ್ಲಿ. 1988ರಲ್ಲಿ ಗ್ರೆಟ್ಸ್ಕಿನ ಎಡ್ಮಂಟನ್‌ನಿಂದ ಲಾಸ್ ಏಂಜಲೀಸ್‌ಗೆ ಕಳಿಸಿದಾಗ ಮೆಕ್‌ಸೋರ್ಲಿನೂ ಅದೇ ಟ್ರೇಡ್‌ನಲ್ಲಿ ಹೋದ. ಇದನ್ನ ತೋರಿಸಿ "ನೋಡಿ, ಅವನಿಗೂ ಬಾಡಿಗಾರ್ಡ್ ಬೇಕಿತ್ತು" ಅಂತಾರೆ. ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಅವನು ಏಟು ತಪ್ಪಿಸ್ಕೊಂಡಿದ್ದು ಜಾಸ್ತಿ ತನ್ನ ತಲೆಯಿಂದ, ಎದುರಾಳಿ ಗೋಲ್ ನೆಟ್‌ನ ಹಿಂದೆ ಹೋಗಿ ನಿಲ್ತಿದ್ದ, ಎಡಕ್ಕೆ ಬಂದ್ರೆ ಬಲಕ್ಕೆ ಜಾರ್ತಿದ್ದ, ಮಧ್ಯೆ ನೆಟ್ಟೇ ಗೋಡೆ. ಆ ಜಾಗಕ್ಕೆ ಗ್ರೆಟ್ಸ್ಕಿ ಆಫೀಸ್ ಅಂತಾನೇ ಹೆಸರು ಬಿತ್ತು. ಬಾಡಿಗಾರ್ಡ್ ಇದ್ದೋರು ಬೇಕಾದಷ್ಟು ಜನ, ಆಫೀಸ್ ಇದ್ದಿದ್ದು ಇವನೊಬ್ಬನಿಗೇ.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ಎರಿಕ್ ಲಿಂಡ್ರೋಸ್. ಆರಡಿ ನಾಲ್ಕಿಂಚು, 100 ಕೇಜಿ ಮೇಲೆ, ಗೋಲೂ ಹೊಡೀತಿದ್ದ, ಗುದ್ದೂ ಕೊಡ್ತಿದ್ದ, ಎರಡೂ ಒಂದೇ ಮೈಯಲ್ಲಿ, 1995ರಲ್ಲಿ ಹಾರ್ಟ್ ಟ್ರೋಫಿ. 2000ದ ಪ್ಲೇಆಫ್‌ನಲ್ಲಿ ನ್ಯೂಜೆರ್ಸಿ ವಿರುದ್ಧ ಏಳನೇ ಮ್ಯಾಚ್, ತಲೆ ತಗ್ಗಿಸ್ಕೊಂಡು ಪಕ್ ನೋಡ್ತಾ ಎದುರಾಳಿ ಕಡೆಯ ಗೆರೆ (ಬ್ಲೂ ಲೈನ್) ದಾಟ್ತಿದಾನೆ, ನ್ಯೂಜೆರ್ಸಿಯ ಸ್ಕಾಟ್ ಸ್ಟೀವನ್ಸ್ ಭುಜ ಕೊಟ್ಟ. ಅಷ್ಟೇ. ಆಗಿನ ರೂಲ್ ಪ್ರಕಾರ ಅದಕ್ಕೆ ಪೆನಾಲ್ಟಿನೂ ಇಲ್ಲ. ಮೊದಲೇ ಹಲವು ಸಲ ತಲೆಗೆ ಪೆಟ್ಟಾಗಿದ್ದ ಲಿಂಡ್ರೋಸ್ ಮುಂದಿನ ಸೀಸನ್ ಪೂರ್ತಿ ಆಡ್ಲಿಲ್ಲ, ಆಮೇಲೆ ಬಂದ್ರೂ ಮೊದಲಿನ ಲಿಂಡ್ರೋಸ್ ಆಗಿರ್ಲಿಲ್ಲ. ತಲೆ ಎತ್ತಿ ಆಡೋದು ಒಂದು ಸ್ಕಿಲ್. ಕೋಚ್‌ಗಳು ಚಿಕ್ಕ ಮಕ್ಕಳಿಗೂ ಅದನ್ನೇ ಕೂಗಿ ಕೂಗಿ ಹೇಳ್ತಿರ್ತಾರೆ.

ಅದೇ ಮಾರ್ಟಿನ್ ಸೇಂಟ್ ಲೂಯಿ, ಐದಡಿ ಎಂಟಿಂಚು, ಟೀಮ್‌ಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ ಯಾರೂ ತಗೊಳ್ಲೇ ಇಲ್ಲ, 2004ರಲ್ಲಿ ಪಾಯಿಂಟ್ಸ್‌ನಲ್ಲಿ ನಂಬರ್ ಒನ್, ಅದೇ ವರ್ಷ ಟ್ಯಾಂಪಾ ಜೊತೆ ಕಪ್, ಮತ್ತೆ 2013ರಲ್ಲಿ 37ನೇ ವಯಸ್ಸಲ್ಲಿ ಇನ್ನೊಂದ್ಸಲ ನಂಬರ್ ಒನ್. ಗಮನಿಸಿ, 2004 ಅಂದ್ರೆ ಹಳೇ ಕಾಲ, ಸ್ಟಿಕ್ ಹಾಕಿ ಎಳೆಯೋದು, ಜರ್ಸಿ ಹಿಡ್ಕೊಳ್ಳೋದು ಎಲ್ಲಾ ನಡೀತಿತ್ತು, ರೆಫರಿಗಳು ಕಣ್ಣು ಮುಚ್ಕೊಳ್ತಿದ್ರು. 2004-05 ಸೀಸನ್ ಸಂಬಳದ ಜಗಳದಲ್ಲಿ ಪೂರ್ತಿ ರದ್ದಾಯ್ತು, ವಾಪಸ್ ಬಂದಾಗ ಈ ಎಳೆದಾಟಕ್ಕೆಲ್ಲ ಕಟ್ಟುನಿಟ್ಟಾಗಿ ಪೆನಾಲ್ಟಿ ಕೊಡೋಕೆ ಶುರು ಮಾಡಿದ್ರು, ಉದ್ದ ಪಾಸ್‌ಗೆ ಇದ್ದ ಅಡ್ಡಿನೂ ತೆಗೆದ್ರು. ಅವತ್ತಿಂದ ಚಿಕ್ಕ ಆಳುಗಳಿಗೆ ಬಾಗಿಲು ತೆರೀತು. ಈಗ ಡಿಫೆನ್ಸ್‌ನಲ್ಲೂ ಕ್ವಿನ್ ಹ್ಯೂಸ್, ಕೇಲ್ ಮಕಾರ್ ಥರ ಆರಡಿನೂ ಇಲ್ಲದೋರು ಬೆಸ್ಟ್ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿ ಗೆಲ್ತಿದಾರೆ. ಅದಕ್ಕೆ ಮುಂಚೆನೇ ನಿಕ್ಲಾಸ್ ಲಿಡ್‌ಸ್ಟ್ರಮ್ ಏಳು ಸಲ ಆ ಟ್ರೋಫಿ ಗೆದ್ದು ತೋರ್ಸಿದ್ದ, 1564 ಮ್ಯಾಚಲ್ಲಿ ಬರೀ 514 ನಿಮಿಷ ಪೆನಾಲ್ಟಿ. ಶುಲ್ಟ್ಜ್ ಒಂದೇ ವರ್ಷದಲ್ಲಿ ಮಾಡಿದ್ದನ್ನ ಇವನು ಇಪ್ಪತ್ತು ಸೀಸನ್‌ನಲ್ಲಿ ಮಾಡಿದಾನೆ! ಯಾರನ್ನೂ ಗುದ್ದೋಕೆ ಹೋಗ್ದೇ, ಬರೀ ಎಲ್ಲಿ ನಿಲ್ಬೇಕು ಅಂತ ಗೊತ್ತಿದ್ದಕ್ಕೆ.

ಹಾಗಾದ್ರೆ ಗಟ್ಟಿತನ ಬೇಡ್ವಾ ಅಂದ್ರೆ, ಟ್ಯಾಂಪಾ ಬೇ ಲೈಟ್ನಿಂಗ್ ಕಥೆ ಕೇಳಿ, ನನ್ನ ಮಟ್ಟಿಗೆ ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. 2018-19ರಲ್ಲಿ 62 ಮ್ಯಾಚ್ ಗೆದ್ರು, ಆಗಿನ ದಾಖಲೆಗೆ ಸಮ. ಲೀಗ್ ಪಟ್ಟಿಯಲ್ಲಿ ಟೀಮಿಗೆ 128 ಪಾಯಿಂಟ್, ಅವರ ನಿಕಿತಾ ಕುಚೆರೊವ್ ಒಬ್ಬನದ್ದೇ ಕಾಕತಾಳೀಯ ಅನ್ನೋ ಥರ 128 ಪಾಯಿಂಟ್. ಸ್ಕಿಲ್ ಅಂದ್ರೆ ಅವರು. ಪ್ಲೇಆಫ್ ಮೊದಲನೇ ರೌಂಡಲ್ಲೇ ಕೊಲಂಬಸ್ ಟೀಮ್ ಬಂದು ಮೈಮೇಲೆ ಬಿದ್ದು ಬಿದ್ದು ಆಡಿ 4-0 ಅಂತ ಮನೆಗೆ ಕಳಿಸ್ತು. ಕುಚೆರೊವ್ ತಾಳ್ಮೆ ಕಳ್ಕೊಂಡು ಎರಡನೇ ಮ್ಯಾಚಲ್ಲಿ ಒಬ್ಬನನ್ನ ಬೋರ್ಡಿಗೆ ತಳ್ಳಿ ಮೂರನೇ ಮ್ಯಾಚಿಗೆ ಸಸ್ಪೆಂಡ್ ಬೇರೆ. ಆಮೇಲೆ ಮ್ಯಾನೇಜ್‌ಮೆಂಟ್ ಏನ್ ಮಾಡ್ತು? ಕುಚೆರೊವ್‌ನ ಮಾರ್ಲಿಲ್ಲ, ಬ್ರೇಡನ್ ಪಾಯಿಂಟ್ ಅನ್ನೋ ಇನ್ನೊಬ್ಬ ಸ್ಟಾರ್‌ನ ಮಾರ್ಲಿಲ್ಲ, ಹೆಡ್‌ಮನ್‌ನ ಮಾರ್ಲಿಲ್ಲ. ಪ್ಯಾಟ್ ಮರೂನ್ ಅನ್ನೋ ದೊಡ್ಡ ದೇಹದವನನ್ನ ಕರ್ಕೊಂಡ್ರು, ಸೀಸನ್ ಮಧ್ಯದಲ್ಲಿ ಬ್ಲೇಕ್ ಕೋಲ್ಮನ್, ಬಾರ್ಕ್ಲೇ ಗುಡ್ರೋ ಇಬ್ಬರನ್ನ ತಂದ್ರು, ಇಬ್ಬರೂ ಸ್ಟಾರ್‌ಗಳಲ್ಲ, ಶಾಟ್‌ಗೆ ಮೈ ಅಡ್ಡ ಹಾಕೋರು, ಮೂಲೆಗೆ ಹೋಗಿ ಪಕ್ ಕಿತ್ಕೊಂಡು ಬರೋರು. 2020, 2021 ಎರಡೂ ಕಪ್ ಟ್ಯಾಂಪಾಗೆ. ಆ ಇಬ್ಬರ ಮಧ್ಯೆ ಆಡ್ತಿದ್ದ ಯಾನಿ ಗೂರ್ಡ್ ಐದಡಿ ಒಂಬತ್ತಿಂಚು ಅಷ್ಟೇ, ಇವನನ್ನೂ ಡ್ರಾಫ್ಟ್‌ನಲ್ಲಿ ಯಾರೂ ತಗೊಂಡಿರ್ಲಿಲ್ಲ, ಆದ್ರೆ ಹಲ್ಲು ಕಚ್ಚಿ ಹಿಂದೆ ಬಿದ್ರೆ ಬಿಡೋನಲ್ಲ. ಹಾಗಾಗಿ ಗಟ್ಟಿತನಕ್ಕೂ ಸೈಜಿಗೂ ಕೂಡ ನೇರ ಸಂಬಂಧ ಇಲ್ಲ.

ಇದರಲ್ಲಿ ನನಗೆ ಕಾಣೋದು ಇಷ್ಟು: ಗಟ್ಟಿ ಆಳುಗಳನ್ನ ಸೀಸನ್ ಮಧ್ಯದಲ್ಲಿ ತಂದು ಸೇರಿಸ್ಕೋಬಹುದು, ಕುಚೆರೊವ್‌ನ ಹಾಗೆ ತರೋಕಾಗಲ್ಲ. ಅಪರೂಪದ್ದಕ್ಕೇ ಬೆಲೆ ಜಾಸ್ತಿ, ಟೀಮ್‌ಗಳು ದೊಡ್ಡ ಸಂಬಳ ಕೊಡೋದೂ ಅದಕ್ಕೇ.

ಫ್ಲೋರಿಡಾ ಪ್ಯಾಂಥರ್ಸ್ 2024, 2025 ಎರಡು ಸಲ ಫೈನಲ್‌ನಲ್ಲಿ ಎಡ್ಮಂಟನ್‌ನ ಸೋಲಿಸಿದ್ದನ್ನ ಯಾರಾದ್ರೂ ಕಾಮೆಂಟಲ್ಲಿ ತರ್ತಾರೆ, ಗೊತ್ತು. 2024ರಲ್ಲಿ ಸೋತ ಟೀಮಿನ ಕಾನರ್ ಮೆಕ್‌ಡೇವಿಡ್‌ಗೇ ಕಾನ್ ಸ್ಮೈತ್ ಕೊಟ್ರು, ಅವನು ತಗೊಳ್ಳೋಕೆ ಐಸ್ ಮೇಲೆ ಬರ್ಲೇ ಇಲ್ಲ, ಪಾಪ. ಹೌದು, ಫ್ಲೋರಿಡಾ ಮೈ ಮೇಲೆ ಬಿದ್ದೇ ಆಡುತ್ತೆ, ಆದ್ರೆ ಅದೇ ಟೀಮಲ್ಲಿ ಆ ಸೀಸನ್ 57 ಗೋಲ್ ಹೊಡೆದ ಸ್ಯಾಮ್ ರೈನ್‌ಹಾರ್ಟ್ ಇದ್ದ, ಬಾರ್ಕೊವ್ ಇದ್ದ. ಎದುರಾಳಿನ ಗೋಡೆಗೆ ಒತ್ತಿ ಪಕ್ ಕಿತ್ಕೊಂಡ್ರೆ ಅರ್ಧ ಕೆಲಸ, ಆ ಪಕ್ಕನ್ನ ನೆಟ್ಟಿಗೆ ಹಾಕೋ ಕೈ ಬೇಕಲ್ವಾ.

ನೋವು ತಡ್ಕೊಳ್ಳೋ ವಿಷಯದಲ್ಲಂತೂ ಈ ಜನ ಬೇರೆ ಗ್ರಹದೋರು. 2013ರ ಫೈನಲ್ ಕೊನೇ ಮ್ಯಾಚನ್ನ ಬಾಸ್ಟನ್‌ನ ಪ್ಯಾಟ್ರಿಸ್ ಬರ್ಜೆರಾನ್ ಮುರಿದ ಪಕ್ಕೆಲುಬು, ಜಾರಿದ ಭುಜ ಇಟ್ಕೊಂಡು ಆಡಿದ, ಆಮೇಲೆ ನೋಡಿದ್ರೆ ಶ್ವಾಸಕೋಶಕ್ಕೂ ತೂತು. ಅದೇ ಪ್ಲೇಆಫ್‌ನಲ್ಲಿ ಗ್ರೆಗರಿ ಕ್ಯಾಂಪ್‌ಬೆಲ್ ಶಾಟ್ ತಡೆಯೋಕೆ ಹೋಗಿ ಕಾಲಿನ ಮೂಳೆ ಮುರ್ಕೊಂಡು, ತಮ್ಮ ಕಡೆ ಒಬ್ಬ ಕಮ್ಮಿ ಇದ್ದಿದ್ರಿಂದ ಹೊರಗೆ ಹೋಗ್ದೇ ಒಂದೇ ಕಾಲಲ್ಲಿ ಆಡ್ತಾನೇ ಇದ್ದ. ನೋಡಿದ್ರೆ ಮೈ ಜುಮ್ ಅನ್ನುತ್ತೆ, ಆದ್ರೆ ಇದನ್ನ ಹೊಗಳ್ಬೇಕಾ ಅನ್ನೋದ್ರಲ್ಲಿ ನನಗೆ ವಯಸ್ಸಾದ ಹಾಗೆ ಅನುಮಾನ ಜಾಸ್ತಿ ಆಗ್ತಿದೆ.

ಯಾಕಂದ್ರೆ ಬರೀ ಗುದ್ದೋಕೆ ಅಂತಾನೇ ಇಟ್ಕೊಳ್ತಿದ್ದ ಎನ್‌ಫೋರ್ಸರ್‌ಗಳ ಗತಿ ಏನಾಯ್ತು ನೋಡಿ. ಡೆರೆಕ್ ಬೂಗಾರ್ಡ್ 277 ಮ್ಯಾಚ್ ಆಡಿ ಮೂರೇ ಗೋಲ್, ಕೆಲಸನೇ ಹೊಡೆದಾಟ, 2011ರಲ್ಲಿ 28ನೇ ವಯಸ್ಸಿಗೆ ತೀರ್ಕೊಂಡ, ಆಮೇಲೆ ಮೆದುಳು ಪರೀಕ್ಷೆ ಮಾಡಿದಾಗ ಪದೇಪದೇ ತಲೆಗೆ ಬೀಳೋ ಪೆಟ್ಟಿನಿಂದ ಬರೋ ಸಿಟಿಇ ಅನ್ನೋ ಕಾಯಿಲೆ ಇತ್ತು ಅಂತ ಗೊತ್ತಾಯ್ತು. ಅದಕ್ಕೆ ಹಿಂದಿನ ವರ್ಷವೇ ಲೀಗು ಪಕ್ಕದಿಂದ ಬಂದು ತಲೆಗೆ ಗುದ್ದೋದನ್ನ ನಿಷೇಧಿಸಿತ್ತು. ಬರೀ ಹೊಡೆದಾಡೋಕೆ ಒಂದು ಸೀಟ್ ಕೊಡೋದನ್ನ ಈಗ ಟೀಮ್‌ಗಳು ಹೆಚ್ಚುಕಮ್ಮಿ ನಿಲ್ಲಿಸಿವೆ. ದಯೆಯಿಂದ ಅಲ್ಲ, ಆ ಸೀಟಲ್ಲಿ ಸ್ಕೇಟ್ ಮಾಡೋಕೆ ಬರೋನು ಕೂತ್ರೆ ಮ್ಯಾಚ್ ಗೆಲ್ಬಹುದು ಅಂತ ಲೆಕ್ಕ ಸಿಕ್ಕಿದ್ದಕ್ಕೆ.

ಇನ್ನು ಹೊಡೆದಾಟ ಯಾಕೆ ಬಿಟ್ಟಿದಾರೆ ಅಂದ್ರೆ, ಎನ್‌ಎಚ್‌ಎಲ್‌ನಲ್ಲಿ ಇಬ್ಬರಿಗೂ ಐದೈದು ನಿಮಿಷ ಪೆನಾಲ್ಟಿ ಕೊಟ್ಟು ವಾಪಸ್ ಬಿಡ್ತಾರೆ, ಒಲಿಂಪಿಕ್ಸ್‌ನಲ್ಲಿ ಆದ್ರೆ ಮ್ಯಾಚಿಂದಾನೇ ಹೊರಗೆ. "ಆಟಗಾರರೇ ಪರಸ್ಪರ ಪೊಲೀಸ್ ಕೆಲಸ ಮಾಡ್ಕೊಳ್ತಾರೆ, ಅದಿಲ್ಲದಿದ್ರೆ ಸ್ಟಿಕ್ಕಲ್ಲಿ ಹೊಡೆಯೋದು ಜಾಸ್ತಿ ಆಗುತ್ತೆ" ಅನ್ನೋದು ಹಳಬರ ವಾದ. ಜನಕ್ಕೆ ಇಷ್ಟ, ಟಿಕೆಟ್ ಹೋಗುತ್ತೆ ಅನ್ನೋದು ನನ್ನ ವಾದ. 80ರ ದಶಕದಲ್ಲಿ ಹತ್ರ ಹತ್ರ ಮ್ಯಾಚಿಗೊಂದು ಫೈಟ್ ಇರ್ತಿತ್ತು, ಈಗ ಬಹುಪಾಲು ಮ್ಯಾಚ್ ಒಂದೂ ಇಲ್ದೆ ಮುಗಿಯುತ್ತೆ.

ನಿಮ್ಮ ಫೋನಿಗೆ ಬಂದಿರೋ ಕ್ಲಿಪ್ ಬಹುಶಃ 2025ರ ಫೆಬ್ರವರಿಯ ಅಮೆರಿಕ-ಕೆನಡಾ ಮ್ಯಾಚಿಂದು, ಮಾಂಟ್ರಿಯಲ್‌ನಲ್ಲಿ ಶುರುವಾದ ಒಂಬತ್ತೇ ಸೆಕೆಂಡಲ್ಲಿ ಮೂರು ಫೈಟ್. ಆ ಮ್ಯಾಚ್ ಅಮೆರಿಕ ಗೆದ್ದಿತು. ಐದು ದಿನ ಬಿಟ್ಟು ಬಾಸ್ಟನ್‌ನಲ್ಲಿ ಅದೇ ಎರಡು ಟೀಮ್ ಮತ್ತೆ ಆ ಟೂರ್ನಿಯ ಫೈನಲ್‌ನಲ್ಲಿ ಸಿಕ್ಕಿದ್ವು, ಅದರ ಕ್ಲಿಪ್ಪೂ ಹುಡುಕಿ ನೋಡಿ. 2-2, ಓವರ್‌ಟೈಮ್, ಮಿಚ್ ಮಾರ್ನರ್ ಪಕ್ ಹಿಡ್ಕೊಂಡು ಮೂಲೆ ಕಡೆಯಿಂದ ಪಾಸ್ ಕೊಡ್ತಾನೆ, ಮೆಕ್‌ಡೇವಿಡ್ ಗೋಲಿನ ಎದುರಿಗೆ ಒಬ್ಬನೇ ನಿಂತಿದಾನೆ, ಅವನ ಮೈ ಮುಟ್ಟೋ ದೂರದಲ್ಲಿ ಯಾರೂ ಇಲ್ಲ.